ಸಿಎನ್‌ಸಿ ಲೇತ್‌ನಲ್ಲಿ ಥ್ರೆಡ್ ಗೆರೆ ತಪ್ಪುವುದೇಕೆ? ಸ್ಪಿಂಡಲ್ ಮತ್ತು ಕ್ಯಾರೇಜ್ ಕೂಡಿಸುವ ಬಗೆ

ಹೊಸೂರಿನ ಸಿಪ್ಕಾಟ್, ಸಿಡ್ಕೋ ಕಡೆಯ ಜಾಬ್ ವರ್ಕ್ ಶೆಡ್‌ಗಳಿಂದ ಬರುವ ಪ್ರಶ್ನೆಗಳಲ್ಲಿ ಥ್ರೆಡ್ಡಿಂಗ್ ಬಗ್ಗೆಯೇ ಜಾಸ್ತಿ. "ಮೊದಲ ಪಾಸ್ ಸರಿ ಇರುತ್ತೆ ಸಾರ್, ಮೂರನೇದಕ್ಕೆ ಗೆರೆ ಪಕ್ಕಕ್ಕೆ ಬೀಳುತ್ತೆ." "ಗೋ ಗೇಜ್ ಎರಡು ಸುತ್ತು ಹೋಗಿ ಹಿಡ್ಕೊಳ್ಳುತ್ತೆ." "ಬೆಳಿಗ್ಗೆ ಚೆನ್ನಾಗಿ ಓಡಿದ ಪ್ರೋಗ್ರಾಂ ಮಧ್ಯಾಹ್ನ ಸ್ಕ್ರ್ಯಾಪ್ ಮಾಡ್ತಿದೆ." ಮಾತು ಬೇರೆ ಬೇರೆ, ಕೇಳುತ್ತಿರುವುದು ಒಂದೇ. (ಪಾಸ್ ಅಂದರೆ ಟೂಲ್ ಒಂದು ಸಲ ಕಡಿದು ಹೋಗುವುದು. ಗೋ ಗೇಜ್ ಅಂದರೆ ಥ್ರೆಡ್ ಸರಿ ಇದ್ದರೆ ಅದರ ಮೇಲೆ ತಿರುಗಿ ಹೋಗಬೇಕಾದ ಅಳತೆ ಬಳೆ.) ತಳಿ, ಡೆಂಕಣಿಕೋಟೆ, ಬಾಗಲೂರು ಕಡೆಯಿಂದ ಬಂದು ಇಲ್ಲಿ ಮೆಷಿನ್ ಹಿಡಿದಿರುವ ನಮ್ಮ ಹುಡುಗ ಹುಡುಗಿಯರಿಗೆ ಮ್ಯಾನ್ಯುಯಲ್ ಇಂಗ್ಲಿಷಿನಲ್ಲಿ ಸಿಗುತ್ತದೆ, ಸೂಪರ್‌ವೈಸರ್ ಹೇಳುವುದು ತಮಿಳಿನಲ್ಲಿ. ಕನ್ನಡದಲ್ಲಿ ಒಂದು ಸಲ ಪೂರ್ತಿ ಬರೆದಿಟ್ಟರೆ ಎಲ್ಲರಿಗೂ ಆಯಿತು.

ಉದಾಹರಣೆಗಳನ್ನು ಫಾನುಕ್ ಕಂಟ್ರೋಲರ್ (ಮೆಷಿನ್ ನಡೆಸುವ ಕಂಪ್ಯೂಟರ್) ಲೆಕ್ಕದಲ್ಲಿ ಕೊಟ್ಟಿದ್ದೇನೆ. ಸೀಮೆನ್ಸ್ ಇದ್ದರೂ ತತ್ವ ಅದೇ, ಕೋಡ್ ಮಾತ್ರ ಬೇರೆ. ಕೋಡ್‌ಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದರೂ ಮೆಷಿನ್‌ನಲ್ಲಿ ಇಂಗ್ಲಿಷ್ ಅಕ್ಷರವನ್ನೇ ಒತ್ತಬೇಕು ಅಂತ ಬೇರೆ ಹೇಳಬೇಕಿಲ್ಲ ಅಲ್ವಾ?

ಮೊದಲು, ಒಳಗೆ ನಡೆಯುವುದೇನು

ಹಳೇ ಲೇತ್‌ನಲ್ಲಿ ಸ್ಪಿಂಡಲ್ (ಜಾಬ್ ಹಿಡಿದು ತಿರುಗಿಸುವ ದಂಡ) ತಿರುಗಿದರೆ ಗೇರ್‌ಗಳ ಮೂಲಕ ಲೀಡ್ ಸ್ಕ್ರೂ ತಿರುಗುತ್ತಿತ್ತು. ಹಾಫ್ ನಟ್ ಹಾಕಿದರೆ ಕ್ಯಾರೇಜ್ (ಟೂಲ್ ಹೊತ್ತು ಓಡುವ ಭಾಗ) ಅದರ ಜೊತೆ ಹೊರಡುತ್ತಿತ್ತು. ಕಬ್ಬಿಣಕ್ಕೆ ಕಬ್ಬಿಣ ಕಚ್ಚಿಕೊಂಡಿದ್ದರಿಂದ ತಪ್ಪುವ ಮಾತೇ ಇರಲಿಲ್ಲ. ತಪ್ಪಿದರೆ, ಯಾವಾಗ ಹಾಕಬೇಕು ಅಂತ ತೋರಿಸುವ ಚೇಸಿಂಗ್ ಡಯಲ್ ನೋಡದೆ ಹಾಫ್ ನಟ್ ಹಾಕಿದವನ ತಪ್ಪು.

ಸಿಎನ್‌ಸಿಯಲ್ಲಿ ಆ ಗೇರ್ ಇಲ್ಲ. ಸ್ಪಿಂಡಲ್‌ಗೆ ಒಂದು ಮೋಟರ್, ಕ್ಯಾರೇಜ್‌ಗೆ (ಅಂದರೆ ಝಡ್ ಆಕ್ಸಿಸ್‌ಗೆ) ಇನ್ನೊಂದು ಸರ್ವೋ ಮೋಟರ್. ಎರಡರ ನಡುವೆ ಇರುವುದು ಎನ್‌ಕೋಡರ್. ಸ್ಪಿಂಡಲ್ ಎಷ್ಟು ತಿರುಗಿದೆ ಅಂತ ಕಂಟ್ರೋಲರ್‌ಗೆ ಎಣಿಸಿ ಹೇಳುವ ಸಾಧನ ಅದು. ಸಾಮಾನ್ಯವಾಗಿ ಸುತ್ತಿಗೆ 1024 ಪಲ್ಸ್ ಕೊಡುತ್ತದೆ. ಎ ಮತ್ತು ಬಿ ಅನ್ನುವ ಎರಡು ಸಿಗ್ನಲ್‌ಗಳ ಏರಿಳಿತವನ್ನೆಲ್ಲ ಎಣಿಸಿ ಕಂಟ್ರೋಲರ್ ಅದನ್ನು 4096 ಭಾಗ ಮಾಡಿಕೊಳ್ಳುತ್ತದೆ. 1.5 ಪಿಚ್ (ಪಕ್ಕಪಕ್ಕದ ಗೆರೆಗಳ ನಡುವೆ 1.5 ಮಿಲಿಮೀಟರ್) ಥ್ರೆಡ್‌ನಲ್ಲಿ ಒಂದು ಭಾಗ ಅಂದರೆ ಅರ್ಧ ಮೈಕ್ರಾನೂ ಇಲ್ಲ. ಹಾಗಾಗಿ "ಎನ್‌ಕೋಡರ್ ಸಾಲದು" ಅನ್ನುವ ದೂರನ್ನು ಪಕ್ಕಕ್ಕಿಡೋಣ.

ಇದಲ್ಲದೆ ಸುತ್ತಿಗೆ ಒಂದೇ ಒಂದು ಸಲ ಬರುವ ಇನ್ನೊಂದು ಪಲ್ಸ್ ಇದೆ. ಇದಕ್ಕೆ ಝಡ್ ಫೇಸ್ ಅಥವಾ ಇಂಡೆಕ್ಸ್ ಪಲ್ಸ್ ಅನ್ನುತ್ತಾರೆ. ಝಡ್ ಆಕ್ಸಿಸ್‌ಗೂ ಇದಕ್ಕೂ ಸಂಬಂಧ ಇಲ್ಲ, ಹೆಸರು ಮಾತ್ರ ಒಂದೇ. ಪ್ರತಿ ಪಾಸ್‌ನಲ್ಲೂ ಕಂಟ್ರೋಲರ್ ಈ ಪಲ್ಸ್‌ಗಾಗಿ ಕಾದು, ಅದು ಬಂದ ಮೇಲೆಯೇ ಕ್ಯಾರೇಜ್ ಬಿಡುತ್ತದೆ. ಅದಕ್ಕೇ ಹತ್ತು ಪಾಸ್ ಹೊಡೆದರೂ ಟೂಲ್ ಅದೇ ಗೆರೆಗೆ ಬೀಳುತ್ತದೆ.

ಈಗ ಮುಖ್ಯವಾದ ಮಾತು. ಈ ಜೋಡಿಯಲ್ಲಿ ಸ್ಪಿಂಡಲ್ ಮುಂದಾಳು, ಕ್ಯಾರೇಜ್ ಹಿಂಬಾಲಕ. ಕ್ಯಾರೇಜ್‌ಗಾಗಿ ಸ್ಪಿಂಡಲ್ ಕಾಯುವುದಿಲ್ಲ. ಇವೆರಡೂ ಒಂದೇ ನೊಗಕ್ಕೆ ಕಟ್ಟಿದ ಜೋಡೆತ್ತಲ್ಲ, ಗಾಡಿ ಮತ್ತು ಅದರ ಹಿಂದೆ ಹಗ್ಗ ಕಟ್ಟಿದ ಕರು. ಗಾಡಿ ಜೋರಾದಷ್ಟೂ ಕರು ಹಿಂದೆ ಬೀಳುತ್ತದೆ. ಈ ಹಿಂದೆ ಬೀಳುವ ಅಂತರಕ್ಕೆ ಸರ್ವೋ ಲ್ಯಾಗ್ ಅನ್ನುತ್ತಾರೆ. ಲ್ಯಾಗ್ ಇರುವುದು ತಪ್ಪಲ್ಲ, ಎಲ್ಲ ಮೆಷಿನ್‌ನಲ್ಲೂ ಇದ್ದೇ ಇರುತ್ತದೆ. ಪಾಸ್‌ನಿಂದ ಪಾಸ್‌ಗೆ ಅದು ಬದಲಾದರೆ ಮಾತ್ರ ಥ್ರೆಡ್ ಕೆಡುತ್ತದೆ. ಕೆಳಗೆ ಹೇಳುವುದರಲ್ಲಿ ಮುಕ್ಕಾಲು ಪಾಲು ಈ ಒಂದು ಸಾಲಿನಿಂದಲೇ ಬಂದಿದ್ದು.

ಬೇಕಾದವು

ಪಿಚ್ ಗೇಜ್, ಜಾಬ್‌ಗೆ ತಕ್ಕ ರಿಂಗ್ ಗೇಜ್ (ಹೋಗಬೇಕಾದ ಗೋ, ಹೋಗಬಾರದ ನೋಗೋ ಎರಡೂ), ಒಂದು ಭೂತಗನ್ನಡಿ, ಒಂದು ದಪ್ಪ ಮಾರ್ಕರ್ ಪೆನ್, ಪರೀಕ್ಷೆಗೆ ಒಂದು ತುಂಡು ಬಾರ್. ಮೆಷಿನ್‌ನ ಮ್ಯಾನ್ಯುಯಲ್‌ನಲ್ಲಿ ಗರಿಷ್ಠ ಕಟಿಂಗ್ ಫೀಡ್ ಎಷ್ಟು ಅಂತ ನೋಡಿ ಬರೆದುಕೊಳ್ಳಿ. ಮಾರ್ಕರ್ ಯಾಕೆ ಅಂತ ಎರಡನೇ ಹಂತದಲ್ಲಿ ಗೊತ್ತಾಗುತ್ತದೆ.

ಹಂತ 1: ಎನ್‌ಕೋಡರ್ ಆರೋಗ್ಯ ನೋಡಿ

ಪ್ರೋಗ್ರಾಂ ಮುಟ್ಟುವ ಮೊದಲು ಇದನ್ನು ಮಾಡಿ. ಎಸ್500 (500 ಆರ್‌ಪಿಎಂ, ಅಂದರೆ ನಿಮಿಷಕ್ಕೆ 500 ಸುತ್ತು) ಕೊಟ್ಟು ಸ್ಪಿಂಡಲ್ ತಿರುಗಿಸಿ, ಸ್ಕ್ರೀನ್‌ನಲ್ಲಿ ಕಾಣುವ ನಿಜವಾದ ಆರ್‌ಪಿಎಂ ನೋಡುತ್ತಿರಿ. ಒಂದೆರಡು ಅಂಕಿ ಅತ್ತಿತ್ತ ಆಗುವುದು ಸಹಜ. 500 ಇದ್ದದ್ದು ಇದ್ದಕ್ಕಿದ್ದಂತೆ 460ಕ್ಕೆ ಹೋಗಿ ಮತ್ತೆ ವಾಪಸ್ ಬಂದರೆ ಪಲ್ಸ್ ತಪ್ಪುತ್ತಿರಬಹುದು. ಎಸ್1000, ಎಸ್1500ಕ್ಕೂ ನೋಡಿ. ಕೆಲವು ತೊಂದರೆಗಳು ಸ್ಪೀಡ್ ಏರಿದಾಗ ಮಾತ್ರ ಮುಖ ತೋರಿಸುತ್ತವೆ.

ಬಹಳಷ್ಟು ಲೇತ್‌ಗಳಲ್ಲಿ ಎನ್‌ಕೋಡರ್ ಅನ್ನು ಸ್ಪಿಂಡಲ್‌ಗೆ ಹಲ್ಲಿರುವ ಟೈಮಿಂಗ್ ಬೆಲ್ಟ್‌ನಿಂದ ಒಂದಕ್ಕೊಂದು ಅನುಪಾತದಲ್ಲಿ ಜೋಡಿಸಿರುತ್ತಾರೆ. ಮೇನ್ ಸ್ವಿಚ್ ಆಫ್ ಮಾಡಿ, ಬೀಗ ಹಾಕಿ, ಆಮೇಲೆ ಕವರ್ ತೆಗೆಯಿರಿ. ಬೆಲ್ಟ್ ಸಡಿಲ ಇದೆಯಾ, ಹಲ್ಲು ಸವೆದಿದೆಯಾ, ಬೆಲ್ಟ್ ಮೇಲೆ ಎಣ್ಣೆ ಕೂತಿದೆಯಾ ನೋಡಿ. ಆಮೇಲೆ ಪುಲ್ಲಿಯ ಗ್ರಬ್ ಸ್ಕ್ರೂ. ಅದನ್ನು ಕೈಯಲ್ಲಿ ಅಲುಗಾಡಿಸಿ ನೋಡಿದರೆ ಸಾಲದು, ಅಲೆನ್ ಕೀ ಹಾಕಿಯೇ ನೋಡಬೇಕು. ಗ್ರಬ್ ಸ್ಕ್ರೂ ಕೂದಲೆಳೆಯಷ್ಟು ಸಡಿಲ ಆದರೂ ಪುಲ್ಲಿ ಶಾಫ್ಟ್ ಮೇಲೆ ಜಾರುತ್ತದೆ. ಆರ್‌ಪಿಎಂ ಸರಿಯಾಗೇ ಕಾಣಿಸುತ್ತದೆ, ಇಂಡೆಕ್ಸ್ ಪಲ್ಸ್ ಬರುವ ಜಾಗ ಮಾತ್ರ ಸ್ಪಿಂಡಲ್ ಲೆಕ್ಕದಲ್ಲಿ ಸರಿದುಬಿಡುತ್ತದೆ. ಮೂರನೇ ಪಾಸ್‌ಗೆ ಗೆರೆ ಪಕ್ಕಕ್ಕೆ ಬಿತ್ತು ಅನ್ನುವವರು ಪ್ರೋಗ್ರಾಂ ಬಿಟ್ಟು ಮೊದಲು ಇಲ್ಲಿ ನೋಡಿ.

ಕೇಬಲ್ ಕೂಡ ನೋಡಿ. ಕನೆಕ್ಟರ್ ಒಳಗೆ ಕೂಲೆಂಟ್ ಇಳಿದಿದ್ದರೆ, ಶೀಲ್ಡ್ ವೈರ್ ಅರ್ಥ್‌ನಿಂದ ಬಿಟ್ಟಿದ್ದರೆ, ಸ್ಪಿಂಡಲ್ ಡ್ರೈವ್‌ನ ಪವರ್ ಕೇಬಲ್ ಜೊತೆಗೇ ಎನ್‌ಕೋಡರ್ ಕೇಬಲನ್ನೂ ಕಟ್ಟಿದ್ದರೆ ಸುಳ್ಳು ಪಲ್ಸ್ ಎಣಿಕೆಗೆ ಬರುತ್ತದೆ.

ಹಂತ 2: ಮಾರ್ಕರ್ ಪರೀಕ್ಷೆ

ಇದನ್ನು ಬಿಡಬೇಡಿ. ಹತ್ತು ನಿಮಿಷದ ಕೆಲಸ, ಹತ್ತು ಜಾಬ್ ಉಳಿಸುತ್ತದೆ.

ತುಂಡು ಬಾರನ್ನು ಚಕ್‌ಗೆ ಹಾಕಿ ಓಡಿ ಹೊಡೆಯಿರಿ, ಅಂದರೆ ಔಟ್‌ಸೈಡ್ ಡಯಾ ಟರ್ನ್ ಮಾಡಿ. ಮೇಲ್ಮೈಗೆ ಪೂರ್ತಿ ಮಾರ್ಕರ್ ಬಳಿಯಿರಿ. ಈಗ ಥ್ರೆಡ್ಡಿಂಗ್ ಟೂಲ್‌ನಲ್ಲಿ 0.03ರಿಂದ 0.05 ಮಿಲಿಮೀಟರ್ ಆಳಕ್ಕೆ, 1.5 ಪಿಚ್‌ನಲ್ಲಿ, 1000 ಆರ್‌ಪಿಎಂನಲ್ಲಿ ಒಂದೇ ಗೆರೆ ಎಳೆಯಿರಿ. ಅದೇ ಆಳದಲ್ಲಿ, ಅದೇ ಜಾಗದಿಂದ ಶುರು ಮಾಡಿ ಇನ್ನೂ ಮೂರು ನಾಲ್ಕು ಸಲ ಓಡಿಸಿ. ಭೂತಗನ್ನಡಿ ಹಿಡಿದು ನೋಡಿ. ಮಾರ್ಕರ್ ಬಣ್ಣದ ನಡುವೆ ಹೊಳೆಯುವ ಗೆರೆ ಒಂದೇ ಇರಬೇಕು, ಅಂಚು ಚೂಪಾಗಿರಬೇಕು. ಗೆರೆ ದಪ್ಪ ಆಗಿದ್ದರೆ, ಅಥವಾ ಪಕ್ಕದಲ್ಲಿ ತೆಳು ನೆರಳಿನ ಹಾಗೆ ಇನ್ನೊಂದು ಕಂಡರೆ, ಹಂತ 1ಕ್ಕೆ ವಾಪಸ್ ಹೋಗಿ.

ಒಂದೇ ಗೆರೆ ಬಂತು ಅಂದುಕೊಳ್ಳಿ. ಈಗ ಬೇರೇನೂ ಮುಟ್ಟದೆ ಆರ್‌ಪಿಎಂ ಮಾತ್ರ 500 ಮಾಡಿ ಇನ್ನೊಂದು ಸಲ ಎಳೆಯಿರಿ. ಬಹಳ ಮೆಷಿನ್‌ಗಳಲ್ಲಿ ಹಳೇ ಗೆರೆಯ ಪಕ್ಕದಲ್ಲಿ ಹೊಸದೊಂದು ಗೆರೆ ಬಂದು ಕೂರುತ್ತದೆ. ಲೆಕ್ಕ ಹೀಗೆ: 1000 ಆರ್‌ಪಿಎಂ, 1.5 ಪಿಚ್ ಅಂದರೆ ಕ್ಯಾರೇಜ್ ಸೆಕೆಂಡಿಗೆ 25 ಮಿಲಿಮೀಟರ್ ಓಡುತ್ತದೆ. ಸರ್ವೋದ ಪೊಸಿಷನ್ ಗೇನ್, ಅಂದರೆ ಹಿಂಬಾಲಿಸುವ ಚುರುಕು, ಸೆಕೆಂಡಿಗೆ 30 ಇದ್ದರೆ ಲ್ಯಾಗ್ 25 ಭಾಗಿಸು 30, ಸುಮಾರು 0.83 ಮಿಲಿಮೀಟರ್. 500 ಆರ್‌ಪಿಎಂನಲ್ಲಿ ಅದರ ಅರ್ಧ, 0.42. ಎರಡು ಗೆರೆಗಳ ನಡುವೆ 0.4 ಮಿಲಿಮೀಟರ್, ಅಂದರೆ ಕಾಲು ಪಿಚ್‌ಗಿಂತ ಜಾಸ್ತಿ ಅಂತರ! ಫೀಡ್ ಫಾರ್ವರ್ಡ್ ಅನ್ನುವ ಸೌಲಭ್ಯ ಹಾಕಿರುವ ಮೆಷಿನ್‌ಗಳಲ್ಲಿ ಲ್ಯಾಗ್ ಕಮ್ಮಿ ಇರುವುದರಿಂದ ಅಂತರವೂ ಕಮ್ಮಿ ಕಾಣುತ್ತದೆ.

"ರಫಿಂಗ್ ಪಾಸ್ 500ರಲ್ಲಿ, ಫಿನಿಶಿಂಗ್ 1000ದಲ್ಲಿ ಮಾಡಿದರೆ ಫಿನಿಶ್ ಚೆನ್ನಾಗಿ ಬರಲ್ವಾ?" ಅಂತ ಕೇಳುವವರಿಗೆ ಈ ಎರಡು ಗೆರೆಗಳೇ ಉತ್ತರ. ಹೊಸಬರನ್ನು ಮೆಷಿನ್‌ಗೆ ಹಾಕುವಾಗ ಇದನ್ನು ಒಂದು ಸಲ ಕಣ್ಣಾರೆ ತೋರಿಸಿಬಿಡಿ.

ಹಂತ 3: ಆರ್‌ಪಿಎಂ ನಿಗದಿ ಮಾಡಿ, ಆಮೇಲೆ ಮುಟ್ಟಬೇಡಿ

ಎರಡು ಕಡೆಯಿಂದ ಮಿತಿ ಇದೆ. ಒಂದು, ಇನ್ಸರ್ಟ್ (ಟೂಲ್ ತುದಿಯಲ್ಲಿ ಕೂರಿಸುವ ಕಡಿಯುವ ಬಿಲ್ಲೆ) ತಡೆಯುವ ಕಟಿಂಗ್ ಸ್ಪೀಡ್. ಇನ್ನೊಂದನ್ನು ಜನ ಮರೆಯುತ್ತಾರೆ: ಕ್ಯಾರೇಜ್ ಓಡಬಲ್ಲ ವೇಗ. ಆರ್‌ಪಿಎಂ ಗುಣಿಸು ಲೀಡ್ ಮಾಡಿದರೆ ನಿಮಿಷಕ್ಕೆ ಎಷ್ಟು ಮಿಲಿಮೀಟರ್ ಅಂತ ಬರುತ್ತದೆ. (ಲೀಡ್ ಅಂದರೆ ಒಂದು ಸುತ್ತಿಗೆ ಕ್ಯಾರೇಜ್ ಹೋಗುವ ದೂರ. ಸಿಂಗಲ್ ಸ್ಟಾರ್ಟ್, ಅಂದರೆ ಒಂದೇ ಗೆರೆ ಸುತ್ತುವ ಥ್ರೆಡ್‌ನಲ್ಲಿ ಪಿಚ್, ಲೀಡ್ ಎರಡೂ ಒಂದೇ.) ಇದು ಮೆಷಿನ್‌ನ ಗರಿಷ್ಠ ಕಟಿಂಗ್ ಫೀಡ್ ದಾಟಬಾರದು. ಗರಿಷ್ಠ 6000 ಇದ್ದು ಲೀಡ್ 4 ಆದರೆ 1500 ಆರ್‌ಪಿಎಂ ಮೇಲೆ ಹೋಗುವಂತಿಲ್ಲ. ಮಿತಿಗೆ ಅಂಟಿಕೊಂಡೂ ಇರಬೇಡಿ, ಅದರ ಅರ್ಧದೊಳಗೆ ಇದ್ದರೆ ನೆಮ್ಮದಿ.

ನಮ್ಮ ಉದಾಹರಣೆ ಎಂ20 ಗುಣಿಸು 1.5 (20 ಮಿಲಿಮೀಟರ್ ಡಯಾ, 1.5 ಪಿಚ್), ಇಎನ್8 ಉಕ್ಕಿನ ಬಾರ್, ಕೋಟಿಂಗ್ ಇರುವ ಕಾರ್ಬೈಡ್ ಇನ್ಸರ್ಟ್. 1000 ಆರ್‌ಪಿಎಂ ಇಟ್ಟರೆ ಕಟಿಂಗ್ ಸ್ಪೀಡ್ ನಿಮಿಷಕ್ಕೆ ಸುಮಾರು 63 ಮೀಟರ್, ಫೀಡ್ 1500 ಮಿಲಿಮೀಟರ್. ಎರಡೂ ಆರಾಮ.

ಆಮೇಲೆ ಜಿ97 ಹಾಕಿ. ಆರ್‌ಪಿಎಂ ಸ್ಥಿರವಾಗಿರಲಿ ಅನ್ನುವ ಕೋಡ್ ಇದು. ಟರ್ನಿಂಗ್ ಮಾಡುವಾಗ ಹಾಕಿದ್ದ ಜಿ96 (ಕಟಿಂಗ್ ಸ್ಪೀಡ್ ಸ್ಥಿರವಾಗಿಟ್ಟು ಆರ್‌ಪಿಎಂ ಬದಲಿಸುವ ಕೋಡ್) ಹಾಗೇ ಉಳಿದುಬಿಡುವುದು ತುಂಬಾ ಮಾಮೂಲಿ. ಆಗ ಟೂಲ್ ಒಳಗೆ ಹೋದ ಹಾಗೆ ಡಯಾ ಕಮ್ಮಿಯಾಗಿ ಆರ್‌ಪಿಎಂ ಏರುತ್ತಾ ಹೋಗುತ್ತದೆ. ಮೊದಲ ಪಾಸ್‌ನ 19.4 ಡಯಾದಿಂದ ಕೊನೆಯ 18.16ಕ್ಕೆ ಬರುವಷ್ಟರಲ್ಲಿ ಆರ್‌ಪಿಎಂ ಹೆಚ್ಚುಕಮ್ಮಿ ಶೇಕಡ 7 ಏರಿರುತ್ತದೆ. ಲ್ಯಾಗ್ ಕೂಡ ಅಷ್ಟೇ ಏರಿ, ಗೆರೆ 0.05 ಮಿಲಿಮೀಟರ್‌ಗಿಂತ ಜಾಸ್ತಿ ಸರಿಯುತ್ತದೆ. ಇದರಲ್ಲಿ ಥ್ರೆಡ್ ಪೂರ್ತಿ ಹಾಳಾದಂತೆ ಕಾಣುವುದಿಲ್ಲ, ಅದೇ ಕಷ್ಟ. ಒಂದು ಮಗ್ಗುಲು ನಯ, ಇನ್ನೊಂದು ಮಗ್ಗುಲು ಒರಟು. ಎಲ್ಲರೂ ಇನ್ಸರ್ಟ್ ಬದಲಿಸಿ ಬದಲಿಸಿ ಸುಸ್ತಾಗುತ್ತಾರೆ.

ಪ್ಯಾನೆಲ್ ಮೇಲಿನ ಸ್ಪಿಂಡಲ್ ಓವರ್‌ರೈಡ್ ನಾಬ್ 100ರಲ್ಲಿರಲಿ. ಫೀಡ್ ಓವರ್‌ರೈಡ್ ಅನ್ನು ಥ್ರೆಡ್ಡಿಂಗ್ ನಡೆಯುವಾಗ ಕಂಟ್ರೋಲರ್ ತಾನೇ 100ಕ್ಕೆ ಕಟ್ಟಿಹಾಕುತ್ತದೆ, ನೀವು ತಿರುಗಿಸಿದರೂ ಕೇಳುವುದಿಲ್ಲ. ಸ್ಪಿಂಡಲ್ ನಾಬ್‌ಗೆ ಎಲ್ಲ ಮೆಷಿನ್‌ನಲ್ಲೂ ಆ ಕಾವಲು ಇರುವುದಿಲ್ಲ. ಸದ್ದು ಜಾಸ್ತಿ ಆಯಿತು ಅಂತ ಯಾರೋ ಮಧ್ಯೆ 90 ಮಾಡಿದರೆ ಕಥೆ ಮುಗಿಯಿತು.

ಹಂತ 4: ಓಡಿ ಬರಲು ಜಾಗ ಬಿಡಿ

ಕ್ಯಾರೇಜ್ ನಿಂತ ಜಾಗದಿಂದ ಹೊರಟು ಸ್ಪಿಂಡಲ್‌ನ ಲಯ ಹಿಡಿಯಲು ಸ್ವಲ್ಪ ದೂರ ಬೇಕು. ಆ ದೂರದಲ್ಲಿ ಪಿಚ್ ಸರಿ ಇರುವುದಿಲ್ಲ. ಆ ತಪ್ಪು ಪಿಚ್ ಜಾಬ್ ಮೇಲೆ ಬೀಳದೆ ಗಾಳಿಯಲ್ಲೇ ಕಳೆಯಬೇಕು. ಕೊನೆಯಲ್ಲೂ ಹಾಗೇ, ನಿಲ್ಲುವಾಗ ನಿಧಾನವಾಗುತ್ತದೆ.

ಫಾನುಕ್ ಮ್ಯಾನ್ಯುಯಲ್‌ನಲ್ಲಿ ಇದಕ್ಕೆ ಸುಲಭದ ಸೂತ್ರ ಇದೆ. ಕೊನೆಯಲ್ಲಿ ಬೇಕಾದ ಜಾಗ: ಲೀಡ್ ಗುಣಿಸು ಆರ್‌ಪಿಎಂ, ಭಾಗಿಸು 1800. ನಮ್ಮ ಜಾಬ್‌ಗೆ 1.5 ಗುಣಿಸು 1000 ಭಾಗಿಸು 1800, ಅಂದರೆ 0.83 ಮಿಲಿಮೀಟರ್. ಶುರುವಿನಲ್ಲಿ ಬೇಕಾದ ಜಾಗ: ಲೀಡ್‌ನಲ್ಲಿ ಶೇಕಡ 1 ತಪ್ಪು ಒಪ್ಪುವುದಾದರೆ ಅದರ 3.6 ಪಟ್ಟು, ಅಂದರೆ 3 ಮಿಲಿಮೀಟರ್. ನಾನು 5 ಇಡಿ ಅನ್ನುತ್ತೇನೆ. ಎರಡು ಮಿಲಿಮೀಟರ್ ಗಾಳಿ ಕಟ್‌ಗೆ ಖರ್ಚೇನೂ ಇಲ್ಲ.

ಗೋ ಗೇಜ್ ಎರಡು ಸುತ್ತು ಹೋಗಿ ಹಿಡಿದುಕೊಳ್ಳುತ್ತಿದ್ದರೆ ಅಥವಾ ಬಾಯಲ್ಲೇ ಹತ್ತದಿದ್ದರೆ ಮೊದಲು ಈ ಅಂತರ ನೋಡಿ. ಸೈಕಲ್ ಟೈಮ್ ಉಳಿಸಲು ಝಡ್ 1ರಿಂದ ಶುರು ಮಾಡಿರುತ್ತಾರೆ. ಉಳಿಯುವುದು ಸೆಕೆಂಡಿನ ಚೂರು, ಹೋಗುವುದು ಜಾಬ್.

ಟೇಲ್‌ಸ್ಟಾಕ್ ಸೆಂಟರ್ (ಜಾಬ್‌ನ ಇನ್ನೊಂದು ತುದಿಗೆ ಆನಿಸುವ ಮೊನೆ) ಅಡ್ಡ ಇದ್ದು 5 ಮಿಲಿಮೀಟರ್ ಸಿಗುವುದಿಲ್ಲವಾ? ಆರ್‌ಪಿಎಂ ಇಳಿಸಿ. ಸೂತ್ರದಲ್ಲಿ ಆರ್‌ಪಿಎಂ ಅರ್ಧವಾದರೆ ಬೇಕಾದ ಜಾಗವೂ ಅರ್ಧ. ದೊಡ್ಡ ಲೀಡ್‌ನಲ್ಲಿ ಇದು ಇನ್ನೂ ಕಾಡುತ್ತದೆ. 12 ಲೀಡ್‌ನ ಎರಡು ಸ್ಟಾರ್ಟ್ ಟ್ರೆಪೆಜಾಯ್ಡಲ್ ಸ್ಕ್ರೂವನ್ನು 600 ಆರ್‌ಪಿಎಂನಲ್ಲಿ ಹೊಡೆಯಲು ಹೊರಟರೆ ಮುಂದೆ 14 ಮಿಲಿಮೀಟರ್, ಹಿಂದೆ 4 ಮಿಲಿಮೀಟರ್ ಬೇಕು. 200 ಆರ್‌ಪಿಎಂ ಸಾಕು ಅಂದುಕೊಂಡರೆ 5 ಮತ್ತು 1.3ರಲ್ಲಿ ಮುಗಿಯುತ್ತದೆ.

ಥ್ರೆಡ್ ಹೋಗಿ ಶೋಲ್ಡರ್‌ಗೆ (ಮೆಟ್ಟಿಲಿನಂತೆ ಡಯಾ ದೊಡ್ಡದಾಗುವ ಜಾಗಕ್ಕೆ) ಮುಗಿಯುವುದಿದ್ದರೆ ಅಲ್ಲಿ ಅಂಡರ್‌ಕಟ್ ಗ್ರೂವ್ ಇರಲೇಬೇಕು. ಆ ಗ್ರೂವ್‌ನ ಅಗಲದಲ್ಲಿ ಕೊನೆಯ ಜಾಗದ ಲೆಕ್ಕವೂ, ಇನ್ಸರ್ಟ್ ತುದಿಯಿಂದ ಅದರ ಅಂಚಿನವರೆಗಿನ ದೂರವೂ ಸೇರಬೇಕು. ಡ್ರಾಯಿಂಗ್‌ನಲ್ಲಿ ಗ್ರೂವ್ ಚಿಕ್ಕದಿದ್ದರೆ ಪಾರ್ಟಿಗೆ ಮೊದಲೇ ಫೋನ್ ಮಾಡಿ ಕೇಳಿ. ಇನ್ಸರ್ಟ್ ಮುರಿದ ಮೇಲೆ ಕೇಳುವುದಕ್ಕಿಂತ ಅದು ವಾಸಿ.

ಹಂತ 5: ಪ್ರೋಗ್ರಾಂ

ಫಾನುಕ್‌ನಲ್ಲಿ ಮೂರು ದಾರಿ ಇವೆ. ಜಿ32 ಒಂದೇ ಪಾಸ್ ಹೊಡೆಯುತ್ತದೆ, ಟೂಲ್ ಹಿಂದೆ ತರುವುದೆಲ್ಲ ನೀವೇ ಬರೆಯಬೇಕು. ಜಿ92 ಒಂದು ಪಾಸ್‌ನ ಪೂರ್ತಿ ಸುತ್ತನ್ನು ಮಾಡುತ್ತದೆ, ಪ್ರತಿ ಪಾಸ್‌ನ ಡಯಾವನ್ನು ಕೆಳಗೆ ಬರೆಯುತ್ತಾ ಹೋಗಬೇಕು. ಜಿ76 ಆಳ ಹಂಚುವ ಲೆಕ್ಕವನ್ನೂ ತಾನೇ ನೋಡಿಕೊಳ್ಳುತ್ತದೆ. ಸೀಮೆನ್ಸ್‌ನಲ್ಲಿ ಜಿ33, ಸೈಕಲ್97 ಅಥವಾ ಹೊಸದರಲ್ಲಿ ಸೈಕಲ್99. ಮೂರೂ ಒಂದೇ ಎನ್‌ಕೋಡರ್ ನೋಡಿಕೊಂಡು ಓಡುವುದರಿಂದ, ಜಿ76ರಲ್ಲಿ ತಪ್ಪುವ ಗೆರೆ ಜಿ92ರಲ್ಲಿ ಸರಿಹೋಗುತ್ತದೆ ಅನ್ನುವುದು ಸುಮ್ನೆ ಮಾತು.

ನಮ್ಮ ಎಂ20 ಗುಣಿಸು 1.5ಕ್ಕೆ ಜಿ76 ಹೀಗಿರುತ್ತದೆ:

ಟಿ0303
ಜಿ97 ಎಸ್1000 ಎಂ03
ಜಿ00 ಎಕ್ಸ್24.0 ಝಡ್5.0 ಎಂ08
ಜಿ76 ಪಿ021060 ಕ್ಯೂ50 ಆರ್0.02
ಜಿ76 ಎಕ್ಸ್18.16 ಝಡ್-25.0 ಪಿ920 ಕ್ಯೂ300 ಎಫ್1.5
ಜಿ00 ಎಕ್ಸ್100.0 ಝಡ್100.0 ಎಂ09

ಮೊದಲ ಜಿ76 ಸಾಲಿನ ಪಿ021060 ಅನ್ನು ಎರಡೆರಡು ಅಂಕಿಯಾಗಿ ಒಡೆದು ಓದಿ. 02 ಅಂದರೆ ಫಿನಿಶಿಂಗ್ ಪಾಸ್ ಎರಡು. 10 ಅಂದರೆ ಕೊನೆಯಲ್ಲಿ ಟೂಲ್ ಓರೆಯಾಗಿ ಹೊರಬರುವ ದೂರ ಒಂದು ಲೀಡ್‌ನಷ್ಟು. ಅಂಡರ್‌ಕಟ್ ಇದ್ದರೆ ಇಲ್ಲಿ 00 ಹಾಕಿ. 60 ಅಂದರೆ ಥ್ರೆಡ್ ಕೋನ. ಕ್ಯೂ50 ಅಂದರೆ ಯಾವ ರಫಿಂಗ್ ಪಾಸೂ 0.05ಕ್ಕಿಂತ ತೆಳುವಾಗಬಾರದು. ಆರ್0.02 ಫಿನಿಶಿಂಗ್‌ಗೆ ಉಳಿಸುವ ಲೋಹ.

ಎರಡನೇ ಸಾಲಿನ ಎಕ್ಸ್18.16 ಥ್ರೆಡ್‌ನ ತಳದ ಡಯಾ. ಹೊರಗಿನ ಮೆಟ್ರಿಕ್ ಥ್ರೆಡ್‌ನ ಆಳ ಪಿಚ್‌ನ 0.6134 ಪಟ್ಟು, ಇಲ್ಲಿ 0.92. ಅದೇ ಪಿ920, ಮೈಕ್ರಾನ್‌ನಲ್ಲಿ. ಕ್ಯೂ300 ಮೊದಲ ಪಾಸ್‌ನ ಆಳ. ಎಫ್1.5 ಲೀಡ್.

ಪಿ, ಕ್ಯೂಗಳಿಗೆ ದಶಮಾಂಶ ಚುಕ್ಕೆ ಇಡಬೇಡಿ. ಬಹಳ ಕಂಟ್ರೋಲರ್‌ಗಳು ಅಲಾರಂ ಕೊಟ್ಟು ನಿಲ್ಲುತ್ತವೆ. ಹಾಸ್ ಥರದ ಕೆಲವು ಮೆಷಿನ್‌ಗಳಲ್ಲಿ ಜಿ76 ಒಂದೇ ಸಾಲಿನದು, ಅಕ್ಷರಗಳೂ ಬೇರೆ. ಒಂದು ಮೆಷಿನ್‌ನ ಪ್ರೋಗ್ರಾಂ ಪೆನ್‌ಡ್ರೈವ್‌ನಲ್ಲಿ ತಂದು ಇನ್ನೊಂದಕ್ಕೆ ಹಾಗೇ ಹಾಕಬೇಡಿ.

ಆಳ ಹೇಗೆ ಹಂಚಿಕೆಯಾಗುತ್ತದೆ ನೋಡಿ. ಎನ್ನನೇ ಪಾಸ್‌ನ ಒಟ್ಟು ಆಳ, ಮೊದಲ ಆಳ ಗುಣಿಸು ಎನ್‌ನ ವರ್ಗಮೂಲ. 0.300, 0.424, 0.520, 0.600 ಹೀಗೆ ಹೋಗಿ ಒಂಬತ್ತನೇ ಪಾಸ್‌ಗೆ ಸರಿಯಾಗಿ 0.900. ಉಳಿದ 0.02 ಫಿನಿಶಿಂಗ್‌ಗೆ. ಒಳಗೆ ಹೋದಷ್ಟೂ ಟೂಲ್ ಅಗಲವಾಗಿ ಕಡಿಯುವುದರಿಂದ, ಆಳ ಕಮ್ಮಿ ಮಾಡಿ ಲೋಡ್ ಸಮವಾಗಿಡುವ ಉಪಾಯ ಇದು. ಜಿ92ರಲ್ಲಿ ಬರೆಯುವವರೂ ಈ ಅಂಕಿಗಳನ್ನೇ ಬಳಸಿ. ಎಲ್ಲ ಪಾಸ್‌ಗೂ ಸಮನಾಗಿ 0.1 ಇಟ್ಟರೆ ಕೊನೆಯ ಪಾಸ್‌ಗಳಲ್ಲಿ ಸ್ಪಿಂಡಲ್ ಮೇಲೆ ಭಾರ ಬಿದ್ದು ಆರ್‌ಪಿಎಂ ಕುಗ್ಗುತ್ತದೆ. ಕುಗ್ಗಿದರೆ ಏನಾಗುತ್ತದೆ ಅಂತ ಈಗ ನಿಮಗೇ ಗೊತ್ತು.

ಥ್ರೆಡ್ ಹೊಡೆಯುವ ಮೊದಲು ಔಟ್‌ಸೈಡ್ ಡಯಾ ಸರಿ ಇರಬೇಕು. ಎಂ20 ಗುಣಿಸು 1.5ಕ್ಕೆ 6ಜಿ ಟಾಲರೆನ್ಸ್‌ನಲ್ಲಿ (ಅಂದರೆ ಒಪ್ಪುವ ಅಳತೆಯ ಮಿತಿಯಲ್ಲಿ) ಹೊರ ಡಯಾ 19.732ರಿಂದ 19.968. ನಡುವಿನ 19.85ಕ್ಕೆ ಟರ್ನ್ ಮಾಡಿ. ಸರಿಯಾಗಿ 20.00 ಹೊಡೆದು ಗೇಜ್ ಹೋಗುತ್ತಿಲ್ಲ ಅನ್ನಬಾರದು.

ಇಂಚು ಥ್ರೆಡ್ ಇದ್ದರೆ 25.4 ಅನ್ನು ಇಂಚಿಗೆ ಇರುವ ಥ್ರೆಡ್ ಸಂಖ್ಯೆಯಿಂದ ಭಾಗಿಸಿ. ಅರ್ಧ ಇಂಚು ಬಿಎಸ್‌ಪಿಗೆ (ಬ್ರಿಟಿಷ್ ಪೈಪ್ ಥ್ರೆಡ್) 14 ಥ್ರೆಡ್, ಅಂದರೆ ಲೀಡ್ 1.814286. ಕಂಟ್ರೋಲರ್ ಎಷ್ಟು ಅಂಕಿ ತೆಗೆದುಕೊಳ್ಳುತ್ತದೋ ಅಷ್ಟೂ ಕೊಡಿ. 1.8 ಅಂತ ಮೊಟಕು ಮಾಡಿದರೆ ಹತ್ತು ಸುತ್ತಿಗೆ 0.14 ಮಿಲಿಮೀಟರ್ ತಪ್ಪು ಕೂಡಿಕೊಳ್ಳುತ್ತದೆ. ಬಿಎಸ್‌ಪಿ ಕೋನ 55 ಡಿಗ್ರಿ ಅನ್ನುವುದೂ ನೆನಪಿರಲಿ, 60ರ ಇನ್ಸರ್ಟ್ ಹಾಕಬೇಡಿ.

ಹಂತ 6: ಓಡಿಸುವಾಗ

ಸ್ಪಿಂಡಲ್ ಪೂರ್ತಿ ಸ್ಪೀಡಿಗೆ ಬರುವ ಮೊದಲೇ ಮೊದಲ ಪಾಸ್ ಶುರುವಾಗಬಾರದು. ಭಾರದ ಚಕ್ ಇದ್ದರೆ ಎಂ03 (ಸ್ಪಿಂಡಲ್ ತಿರುಗಿಸುವ ಕೋಡ್) ಆದ ಮೇಲೆ ಜಿ04 ಕೊಟ್ಟು ಒಂದೆರಡು ಸೆಕೆಂಡ್ ಕಾಯಿಸಿ. ಮೊದಲ ಪಾಸ್ ಒಂದು ಕಡೆ, ಉಳಿದವೆಲ್ಲ ಇನ್ನೊಂದು ಕಡೆ ಬೀಳುತ್ತಿದ್ದರೆ ಕಾರಣ ಬಹುಮಟ್ಟಿಗೆ ಇದೇ.

ಫೀಡ್ ಹೋಲ್ಡ್ ಒತ್ತಿದರೆ ಟೂಲ್ ತಕ್ಷಣ ನಿಲ್ಲುತ್ತದೆ ಅಂತ ನಂಬಬೇಡಿ. ಜಿ32ರಲ್ಲಿ ಆ ಪಾಸ್ ಮುಗಿದು, ಥ್ರೆಡ್ಡಿಂಗ್ ಅಲ್ಲದ ಮುಂದಿನ ಬ್ಲಾಕ್ ಬಂದ ಮೇಲೆಯೇ ನಿಲ್ಲುತ್ತದೆ. ಜಿ92, ಜಿ76ರಲ್ಲಿ ರಿಟ್ರ್ಯಾಕ್ಟ್ ಆಪ್ಷನ್ ಇದ್ದರೆ ಮಾತ್ರ ಟೂಲ್ ಹೊರಗೆ ಬಂದು ನಿಲ್ಲುತ್ತದೆ. ಇದು ಮೆಷಿನ್ ಕೆಟ್ಟಿದ್ದಲ್ಲ. ಮಧ್ಯದಲ್ಲಿ ಕ್ಯಾರೇಜ್ ನಿಂತು ಸ್ಪಿಂಡಲ್ ತಿರುಗುತ್ತಿದ್ದರೆ ಇನ್ಸರ್ಟ್ ತುದಿ ಚೂರಾಗುತ್ತದೆ, ಅದಕ್ಕೇ ಈ ವ್ಯವಸ್ಥೆ. ಅಪಾಯ ಕಂಡರೆ ಮಾತ್ರ ಹಿಂದೆಮುಂದೆ ನೋಡದೆ ಎಮರ್ಜೆನ್ಸಿ ಒತ್ತಿ. ಇನ್ಸರ್ಟ್ ಹೋದರೆ ಹೋಗಲಿ.

ಉದ್ದ ಚಿಪ್ ಜಾಬ್‌ಗೆ ಸುತ್ತಿಕೊಂಡರೆ ಸ್ಪಿಂಡಲ್ ಪೂರ್ತಿ ನಿಂತ ಮೇಲೆ ಕೊಕ್ಕೆಯಿಂದ ತೆಗೆಯಿರಿ. ಕೈಗವಸು ಹಾಕಿಕೊಂಡು ತಿರುಗುವ ಜಾಬ್ ಹತ್ತಿರ ಹೋಗಲೇಬೇಡಿ.

ಹಂತ 7: ಗೇಜ್ ಹಾಕಿ, ತಿದ್ದಿ

ಜಾಬ್ ಚಕ್‌ನಲ್ಲಿ ಇದ್ದಾಗಲೇ ಗೇಜ್ ಹಾಕಿ. ಒಂದು ಸಲ ಬಿಚ್ಚಿದರೆ ಜಾಬ್‌ಗೂ ಇಂಡೆಕ್ಸ್ ಪಲ್ಸ್‌ಗೂ ಇದ್ದ ಸಂಬಂಧ ಕಡಿದುಹೋಗುತ್ತದೆ, ಮತ್ತೆ ಹಾಕಿ ಅದೇ ಗೆರೆ ಹಿಡಿಯುವುದು ದೊಡ್ಡ ತಲೆನೋವು.

ಗೋ ಹೋಗದಿದ್ದರೆ ವೇರ್ ಆಫ್‌ಸೆಟ್‌ನಲ್ಲಿ (ಟೂಲ್ ಸವೆತಕ್ಕೆ ಅಳತೆ ತಿದ್ದುವ ಪುಟದಲ್ಲಿ) ಎಕ್ಸ್ ಮಾತ್ರ ಕಮ್ಮಿ ಮಾಡಿ, 0.03ರಂತೆ. ಝಡ್ ಆಫ್‌ಸೆಟ್ ಮುಟ್ಟಬೇಡಿ. ಶುರುವಿನ ಝಡ್ ಅನ್ನು 5ರಿಂದ 6ಕ್ಕೆ ಬದಲಿಸಿದರೂ ಅಷ್ಟೇ. ಇಂಡೆಕ್ಸ್ ಪಲ್ಸ್ ಬಂದಾಗ ಕ್ಯಾರೇಜ್ ಎಲ್ಲಿಂದ ಹೊರಟಿತು ಅನ್ನುವುದರ ಮೇಲೆ ಗೆರೆ ನಿಂತಿದೆ. 1 ಮಿಲಿಮೀಟರ್ ಸರಿಸಿದರೆ 1.5 ಪಿಚ್‌ನಲ್ಲಿ ಹಳೇ ಥ್ರೆಡ್‌ನ ತಲೆಯನ್ನೇ ಕಡಿಯುತ್ತೀರಿ.

ಇದನ್ನೇ ಬೇಕಂತ ಬಳಸಿಕೊಂಡರೆ ಮಲ್ಟಿ ಸ್ಟಾರ್ಟ್ ಥ್ರೆಡ್ ಸಿಗುತ್ತದೆ. ಎರಡು ಸ್ಟಾರ್ಟ್, ಪಿಚ್ 2 ಇದ್ದರೆ ಎಫ್4 ಕೊಟ್ಟು ಒಂದು ಥ್ರೆಡ್ ಮುಗಿಸಿ, ಶುರುವಿನ ಝಡ್ ಅನ್ನು 2 ಮಿಲಿಮೀಟರ್ ಸರಿಸಿ ಇನ್ನೊಂದನ್ನು ಹೊಡೆಯುವುದು. ಜಿ92ರಲ್ಲಿ ಝಡ್ ಸರಿಸುವ ಬದಲು ಕ್ಯೂ180000 ಕೊಡಬಹುದು, ಅಂದರೆ 180 ಡಿಗ್ರಿ ಆದ ಮೇಲೆ ಹೊರಡು ಅಂತ. ಕ್ಯೂ ಅನ್ನು ಪ್ರತಿ ಸಾಲಿನಲ್ಲೂ ಬರೆಯಬೇಕು. ಒಂದು ಸಾಲಿನಲ್ಲಿ ಮರೆತರೆ ಆ ಪಾಸ್ ಮೊದಲನೇ ಥ್ರೆಡ್ ಮೇಲೆ ಹೋಗಿ ಬೀಳುತ್ತದೆ.

ಇಷ್ಟೆಲ್ಲ ಸರಿ ಇದ್ದೂ ತಪ್ಪುತ್ತಿದ್ದರೆ

ಸಿಂಕ್ (ಸ್ಪಿಂಡಲ್, ಕ್ಯಾರೇಜ್ ಹೊಂದಾಣಿಕೆ) ಮೇಲೆ ಗೂಬೆ ಕೂರಿಸುವ ಮೊದಲು ಜಾಬ್ ಚಕ್‌ನಲ್ಲಿ ಜಾರುತ್ತಿದೆಯಾ ನೋಡಿ. ಜಾ ಮತ್ತು ಜಾಬ್ ಎರಡಕ್ಕೂ ಸೇರಿಸಿ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆಯಿರಿ. ಐದು ಪಾಸ್ ಆದ ಮೇಲೆ ಗೆರೆ ಮುರಿದಿದ್ದರೆ ಹೈಡ್ರಾಲಿಕ್ ಪ್ರೆಷರ್ ಅಥವಾ ಸಾಫ್ಟ್ ಜಾ ಬೋರಿಂಗ್ ಕಡೆ ಗಮನ ಕೊಡಿ. ಇನ್ಸರ್ಟ್ ಸೀಟಿನಲ್ಲಿ ಅಲುಗುತ್ತಿದ್ದರೂ, ಟರೆಟ್ ಕ್ಲಾಂಪ್ ಸರಿಯಾಗಿ ಕೂರದಿದ್ದರೂ ಹೀಗೇ ಕಾಣುತ್ತದೆ.

ಗೆರೆ ತಪ್ಪದೆ, ಉದ್ದಕ್ಕೂ ಪಿಚ್ ತಪ್ಪು ಮಾತ್ರ ಸ್ವಲ್ಪ ಸ್ವಲ್ಪವೇ ಕೂಡಿಕೊಳ್ಳುತ್ತಿದ್ದರೆ ಎಫ್ ಅಂಕಿ ಅಥವಾ ಬಾಲ್ ಸ್ಕ್ರೂ ಕಡೆ ನೋಡಬೇಕು. ಒಂದು ಕಡೆಯಿಂದ ಗೇಜ್ ಸಡಿಲ, ಇನ್ನೊಂದು ಕಡೆ ಬಿಗಿ ಅಂದರೆ ತೆಳ್ಳನೆ ಜಾಬ್ ಬಾಗುತ್ತಿದೆ, ಟೇಲ್‌ಸ್ಟಾಕ್ ಹಾಕಿ.

ಬೆಳಿಗ್ಗೆ ಸರಿ, ಮಧ್ಯಾಹ್ನ ತಪ್ಪು ಅಂದವರಿಗೆ: ಎನ್‌ಕೋಡರ್ ಪುಲ್ಲಿ, ಕನೆಕ್ಟರ್ ಬಿಸಿಯಾದ ಮೇಲೆ ಬೇರೆ ಥರ ಆಡುತ್ತವೆ. ಮಾರ್ಕರ್ ಪರೀಕ್ಷೆಯನ್ನು ಶಿಫ್ಟ್ ಶುರುವಿನಲ್ಲಿ ಒಂದು ಸಲ, ಊಟದ ಹೊತ್ತಿಗೆ ಒಂದು ಸಲ ಮಾಡಿ. ಎರಡು ತುಂಡುಗಳನ್ನು ಪಕ್ಕಪಕ್ಕ ಇಟ್ಟು ಸರ್ವಿಸ್ ಇಂಜಿನಿಯರ್‌ಗೆ ತೋರಿಸಿದರೆ ವಾದವೇ ಬೇಕಾಗುವುದಿಲ್ಲ.

ಹಳೇ ಲೇತ್‌ಗೆ ಸಿಎನ್‌ಸಿ ಕಟ್ಟಿಸುವವರಿಗೆ

ರಿಟ್ರೋಫಿಟ್, ಅಂದರೆ ಹೀಗೆ ಕಟ್ಟಿಸುವುದರ ಬಗ್ಗೆ ಕೇಳುವವರು ಈಚೆಗೆ ಜಾಸ್ತಿ ಆಗಿದ್ದಾರೆ. ಕಂಟ್ರೋಲರ್ ಕೊಳ್ಳುವ ಮೊದಲು ಒಂದೇ ಪ್ರಶ್ನೆ ಕೇಳಿ: ಇದು ಸ್ಪಿಂಡಲ್ ಎನ್‌ಕೋಡರನ್ನು ಪೂರ್ತಿ ಸುತ್ತಿನ ಉದ್ದಕ್ಕೂ ಹಿಂಬಾಲಿಸುತ್ತದೋ, ಸುತ್ತಿಗೆ ಒಂದು ಪಲ್ಸ್ ಮಾತ್ರ ನೋಡುತ್ತದೋ?

ಮಾಮೂಲಿ ಜಿಆರ್‌ಬಿಎಲ್ ಬೋರ್ಡ್ (ಅಗ್ಗದ ಚಿಕ್ಕ ಕಂಟ್ರೋಲರ್) ಎನ್‌ಕೋಡರನ್ನು ನೋಡುವುದೇ ಇಲ್ಲ, ಅದರಲ್ಲಿ ಥ್ರೆಡ್ಡಿಂಗ್ ಆಗುವುದಿಲ್ಲ. ಕಂಪ್ಯೂಟರ್‌ನಲ್ಲಿ ಓಡುವ ಮ್ಯಾಕ್3 ಸಾಫ್ಟ್‌ವೇರ್ ಸುತ್ತಿಗೆ ಒಂದು ಪಲ್ಸ್ ನೋಡಿ ಆರ್‌ಪಿಎಂ ಅಂದಾಜು ಮಾಡಿ ಕ್ಯಾರೇಜ್ ಬಿಡುತ್ತದೆ. ವಿಎಫ್‌ಡಿ (ಮೋಟರ್ ಸ್ಪೀಡ್ ಬದಲಿಸುವ ಡ್ರೈವ್) ಹಾಕಿದ ಮಾಮೂಲಿ ಇಂಡಕ್ಷನ್ ಮೋಟರ್ ಕಟ್ ತೆಗೆದುಕೊಂಡ ಕೂಡಲೇ ಸ್ವಲ್ಪ ಕುಗ್ಗುವುದರಿಂದ ಆಳದ ಪಾಸ್‌ನಲ್ಲಿ ಗೆರೆ ತಪ್ಪುತ್ತದೆ. ಹಿತ್ತಾಳೆಗೆ, ಅಲ್ಯೂಮಿನಿಯಂಗೆ, ಚಿಕ್ಕ ಪಿಚ್‌ಗೆ ನಡೆದೀತು. ಲಿನಕ್ಸ್‌ಸಿಎನ್‌ಸಿ ಸಾಫ್ಟ್‌ವೇರ್‌ನ ಜಿ33 ಮತ್ತು ಜಿ76 ಎನ್‌ಕೋಡರನ್ನು ಬಿಡದೆ ಹಿಂಬಾಲಿಸುತ್ತವೆ. ಸ್ಪಿಂಡಲ್ ಕುಗ್ಗಿದರೆ ಕ್ಯಾರೇಜೂ ಕುಗ್ಗುತ್ತದೆ. ನನ್ನ ಓಟು ಇದಕ್ಕೆ. ಎ, ಬಿ ಜೊತೆಗೆ ಝಡ್ ಫೇಸ್ ಇರುವ ಎನ್‌ಕೋಡರನ್ನೇ ಕೊಳ್ಳಿ. ಅದನ್ನು ಮೋಟರ್ ಶಾಫ್ಟ್‌ಗೆ ಹಾಕದೆ ಸ್ಪಿಂಡಲ್‌ಗೇ ಟೈಮಿಂಗ್ ಬೆಲ್ಟ್‌ನಿಂದ ಜೋಡಿಸಿ. ಮೋಟರ್ ಮತ್ತು ಸ್ಪಿಂಡಲ್ ನಡುವಿನ ವಿ ಬೆಲ್ಟ್ ಜಾರುತ್ತದೆ. ಮೋಟರ್ ಕಡೆ ಕೂತ ಎನ್‌ಕೋಡರ್‌ಗೆ ಅದು ಗೊತ್ತೇ ಆಗುವುದಿಲ್ಲ.